ಹುಳುಮನೆ ಕಿಟಕಿಯಲ್ಲಿಟ್ಟ ಗುರಿ ಡೈರಿ: ಎಂಟು ತಿಂಗಳು ಬರೆದ ಮೇಲೆ

ನಮ್ಮದು ಶಿಡ್ಲಘಟ್ಟ ತಾಲ್ಲೂಕು, ರೇಷ್ಮೆ ಸಾಕುವ ಮನೆ. ಡಿಸೆಂಬರ್ 31ರ ರಾತ್ರಿ ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ವಾಗ್ದಾನದ ಕಾರ್ಡು, ಅಂದರೆ ಹೊಸ ವರ್ಷಕ್ಕೆ ಅಂತ ಒಂದು ಬೈಬಲ್ ವಚನ ಬರೆದ ಕಾರ್ಡು, ತೆಗೆದುಕೊಳ್ಳೋದು ನಮ್ಮಲ್ಲಿ ವಾಡಿಕೆ. ಈ ಸಲ ಕಾರ್ಡಿನ ಮೇಜಿನ ಪಕ್ಕದಲ್ಲೇ ಈ ಗುರಿ ಡೈರಿಗಳನ್ನೂ ಜೋಡಿಸಿಟ್ಟಿದ್ದರು. 350 ರೂಪಾಯಿ. ಮಗಳು ನರ್ಸಿಂಗ್ ಓದುತ್ತಾಳೆ, "ತಗೋಮ್ಮ, ನೀನು ಎಲ್ಲಾ ಕ್ಯಾಲೆಂಡರ್ ಹಿಂದೆ ಬರೀತೀಯ" ಅಂದಳು. ತಗೊಂಡೆ.

ಒಳಗೆ ಮೊದಲು ವರ್ಷದ ಗುರಿ ಬರೆಯೋ ನಾಲ್ಕು ಪುಟ: ಆತ್ಮಿಕ ಜೀವನ, ಕುಟುಂಬ, ಹಣ, ಆರೋಗ್ಯ. ಆಮೇಲೆ ದಿನಕ್ಕೊಂದು ಪುಟ. ಪ್ರತಿ ಪುಟದ ತಲೆಯಲ್ಲಿ "ಇಂದಿನ ದೃಢೋಕ್ತಿ" ಅಂತ, ಧೈರ್ಯಕ್ಕೆ ನಮಗೆ ನಾವೇ ಹೇಳಿಕೊಳ್ಳೋ ಒಂದು ಸಾಲು, ಕೆಳಗೆ ಪ್ರಾರ್ಥನೆಗೆ ಜಾಗ, ಕೊನೆಗೆ ಇವತ್ತು ಮಾಡಬೇಕಾದ ಮೂರು ಕೆಲಸ.

ಹಣದ ಪುಟದಿಂದಲೇ ನನಗೆ ಕೊಟ್ಟ ದುಡ್ಡು ವಸೂಲಾಯಿತು. ಲೂಕ 14ರಲ್ಲಿ ಯೇಸು ಗೋಪುರ ಕಟ್ಟೋನ ಮಾತು ಹೇಳ್ತಾನಲ್ಲ, ಮೊದಲು ಕೂತು ಖರ್ಚಿನ ಲೆಕ್ಕ ಹಾಕಬೇಕು ಅಂತ, ಅದನ್ನು ಆ ಪುಟದ ಮೇಲೆ ಹಾಕಿ ಕೆಳಗೆ ಲೆಕ್ಕದ ಮನೆಗಳನ್ನು ಗೆರೆ ಎಳೆದು ಕೊಟ್ಟಿದ್ದಾರೆ. ಅತ್ತೆಯ ಗುಂಡಿನ ಸರ ಅಡ ಇಟ್ಟು ಮೂರು ವರ್ಷ ಆಗಿತ್ತು, ಅಸಲು 48,000. ಬಿಡಿಸಬೇಕು ಬಿಡಿಸಬೇಕು ಅಂತ ಪ್ರಾರ್ಥನೆ ಮಾಡ್ತಿದ್ದೆವೇ ಹೊರತು, ಎಷ್ಟು ದಿನದಲ್ಲಿ, ಯಾವ ದುಡ್ಡಲ್ಲಿ ಅಂತ ಯಾವತ್ತೂ ಬರೆದಿರಲಿಲ್ಲ. ಅಲ್ಲಿದ್ದ "ತಿಂಗಳು" ಅನ್ನೋ ಪದ ಹೊಡೆದುಹಾಕಿ "ಬೆಳೆ" ಅಂತ ಬರೆದುಕೊಂಡೆ. ನಮಗೆ ದುಡ್ಡು ತಿಂಗಳಿಗೆ ಬರೋದಿಲ್ಲ, ಗೂಡು ಮಾರುಕಟ್ಟೆಯಲ್ಲಿ ಹರಾಜಾದ ದಿನ ಬರುತ್ತೆ. ವರ್ಷಕ್ಕೆ ಆರು ಬೆಳೆ, ಬೆಳೆಗೆ 8,000, ಬಡ್ಡಿ ಬೇರೆ. ಅದರ ಕೆಳಗೆ ಯಾಕೋಬನ ಪತ್ರಿಕೆಯ ಮಾತು, "ಕರ್ತನ ಚಿತ್ತವಾದರೆ" ಅಂತ ನಾನೇ ಸೇರಿಸಿದೆ. ನಮ್ಮ ಯಜಮಾನರು ಓದಿ ಪೆನ್ನು ಇಸ್ಕೊಂಡು ತಾವೂ ಸಹಿ ಹಾಕಿದರು. ನಮ್ಮ ಮದುವೆಯಾಗಿ ಇಪ್ಪತ್ತೊಂದು ವರ್ಷ, ಸಾಲದ ವಿಷಯ ಇಬ್ಬರೂ ಜೊತೆಗೆ ಕೂತು ಜಗಳವಿಲ್ಲದೆ ಮಾತಾಡಿದ್ದು ಅದೇ ಮೊದಲು.

ಬೈಬಲ್ ಓದೋ ಪಟ್ಟಿಯಲ್ಲಿ ತಪ್ಪಿದೆ. ದಿನಕ್ಕೆ ಮೂರು ಅಧ್ಯಾಯ, ವರ್ಷದಲ್ಲಿ ಮುಗಿಯುತ್ತೆ ಅಂತ ಹಾಕಿದ್ದಾರೆ. ಸತ್ಯವೇದದಲ್ಲಿ 1,189 ಅಧ್ಯಾಯ, ದಿನಕ್ಕೆ ಮೂರರಂತೆ 365 ದಿನಕ್ಕೆ 1,095 ಮಾತ್ರ. ಭಾನುವಾರ ಐದು ಓದಿದರೆ ಸರಿಹೋಗುತ್ತೆ, ನಾನು ಹಾಗೇ ಮಾಡ್ತಿದ್ದೇನೆ.

ಇನ್ನು ದೃಢೋಕ್ತಿ. "ನಾನು ವಿಜಯಶಾಲಿಯಾಗಿದ್ದೇನೆ", "ನನ್ನ ಕೈಕೆಲಸಗಳೆಲ್ಲವೂ ಸಫಲವಾಗುತ್ತಿವೆ". ಬೆಳಿಗ್ಗೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹಾಕುವಾಗ ಡೈರಿಯನ್ನು ಹುಳುಮನೆ ಕಿಟಕಿಯಲ್ಲಿಟ್ಟು ಇವನ್ನು ಜೋರಾಗಿ ಹೇಳಿಕೊಳ್ಳುತ್ತಿದ್ದೆ. ಮೊದಲ ತಿಂಗಳು ನಿಜವಾಗಿಯೂ ಧೈರ್ಯ ಬಂತು. ಹಿಂದೆಲ್ಲ ಎದ್ದ ಕೂಡಲೇ ನನ್ನ ಬಾಯಲ್ಲಿ ಬರ್ತಿದ್ದುದು ಸಾಲದ ಮಾತು.

ಜೂನ್ ಬೆಳೆಯಲ್ಲಿ ಹುಳು ನಾಲ್ಕನೇ ಜ್ವರ ಎದ್ದು ಐದನೇ ದಿನ. ಹುಳು ಮೇಯೋದು ಬಿಟ್ಟು ಪೊರೆ ಕಳಚೋದಕ್ಕೆ ನಾವು ಜ್ವರ ಅಂತೀವಿ. ಇನ್ನೆರಡು ಮೂರು ದಿನಕ್ಕೆ ಹಣ್ಣಾಗಿ ಗೂಡು ಕಟ್ಟೋಕೆ ಶುರು ಮಾಡಬೇಕಿತ್ತು. ಬೆಳಿಗ್ಗೆ ಲೈಟ್ ಹಾಕಿದಾಗ ಕೆಲವು ಹುಳು ಸೊಪ್ಪು ಬಿಟ್ಟು ಅಂಚಿನ ಮೇಲೆ ಸುಮ್ಮನೆ ಹರಿದಾಡ್ತಿದ್ದವು. ಮೈ ಊದಿಕೊಂಡು, ಗೆಣ್ಣು ಗೆಣ್ಣು ಎದ್ದು, ಹಳದಿ ತಿರುಗಿತ್ತು. ಒಂದನ್ನು ಎತ್ತಿದೆ, ಚರ್ಮ ಹರಿದು ಬೆರಳ ಮೇಲೆ ಹಾಲಿನಂಥ ನೀರು. ಹಾಲು ತೊಂಡೆ ರೋಗ. ಸಾಯಂಕಾಲಕ್ಕೆ ಅರ್ಧಕ್ಕರ್ಧ ಹೋಯಿತು, ಉಳಿದದ್ದನ್ನೂ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿದೆವು. ಆ ದಿನದ ಪುಟದ ತಲೆಯಲ್ಲಿ ಏನಿತ್ತು ಅಂದರೆ, ಇವತ್ತು ನನ್ನ ಕೈ ಮುಟ್ಟಿದ್ದೆಲ್ಲ ವೃದ್ಧಿಯಾಗುತ್ತದೆ.

ಒಂಬತ್ತು ದಿನ ಡೈರಿ ಮುಟ್ಟಲಿಲ್ಲ. ಆ ಒಂಬತ್ತು ಪುಟ ಈಗಲೂ ಖಾಲಿ ಇವೆ.

ಆಮೇಲೆ ಬೈಬಲ್ಲನ್ನೇ ತೆಗೆದು ಆ ವಚನಗಳ ಹಿಂದೆ ಮುಂದೆ ಓದಿದೆ. ರಟ್ಟಿನ ಮೇಲೆ ಹಾಕಿರೋದು ಯೆರೆಮೀಯ 29:11, ನಿಮಗೆ ನಿರೀಕ್ಷೆ ಕೊಡುವ ಆಲೋಚನೆ ನನ್ನದು ಅನ್ನೋ ಮಾತು. ಅದು ಬಾಬೆಲಿಗೆ ಸೆರೆ ಹೋದವರಿಗೆ ಬರೆದ ಕಾಗದ, ಹಿಂದಿನ ವಚನದಲ್ಲೇ ಎಪ್ಪತ್ತು ವರ್ಷ ಅಂತ ಇದೆ. ಹಣದ ಪುಟದಲ್ಲಿ ಇನ್ನೊಂದು ವಚನವೂ ಇದೆ, ಫಿಲಿಪ್ಪಿ 4:13, ನನ್ನನ್ನು ಬಲಪಡಿಸುವಾತನಿಂದ ಎಲ್ಲವನ್ನೂ ಮಾಡಬಲ್ಲೆ ಅನ್ನೋ ಮಾತು. ಅದರ ಹಿಂದಿನ ವಚನದಲ್ಲಿ ಪೌಲ ಹೇಳೋದು ಹೊಟ್ಟೆ ತುಂಬಿದಾಗಲೂ ಹಸಿದಾಗಲೂ ಇರೋದನ್ನು ಕಲಿತಿದ್ದೇನೆ ಅಂತ, ಅದೂ ಬೇಡಿ ಹಾಕಿಸಿಕೊಂಡು ಬರೆದದ್ದು. ಡೈರಿ ಮಾಡಿದವರು ಸಿಹಿ ಭಾಗವನ್ನು ಮಾತ್ರ ಆರಿಸಿ ಅಚ್ಚು ಹಾಕಿದ್ದಾರೆ. ಇದು ನನಗೆ ದೊಡ್ಡ ತಕರಾರು. ಪೂರ್ತಿ ಮಾತು ಹಾಕಿದ್ದರೆ ಆ ಜೂನ್ ದಿನ ನಾನು ಡೈರಿಯನ್ನು ಪಕ್ಕಕ್ಕಿಡುತ್ತಿರಲಿಲ್ಲ, ಹಿಡಿದುಕೊಳ್ಳುತ್ತಿದ್ದೆ.

ಈಗ ಅಚ್ಚಾದ ಸಾಲಿನ ಮೇಲೆ ಬಿಳಿ ಕಾಗದ ಅಂಟಿಸಿ ನನ್ನ ಅರಿಕೆ ನಾನೇ ಬರೆಯುತ್ತೇನೆ. ನಮ್ಮ ಮನೆಯಲ್ಲಿ ದೃಢೋಕ್ತಿ ಅನ್ನೋದಿಲ್ಲ, ಅರಿಕೆ ಅಂತೀವಿ. ಮೊದಲು ಅಂಟಿಸಿದ್ದು 42ನೇ ಕೀರ್ತನೆಯದು. ಅಲ್ಲಿ ಹಾಡುವವನು ತನ್ನ ಮನಸ್ಸನ್ನೇ ಕೇಳ್ತಾನೆ, ಯಾಕೆ ಕುಗ್ಗಿಹೋಗಿದ್ದೀಯ, ದೇವರನ್ನು ನಿರೀಕ್ಷಿಸು ಅಂತ. ನಮಗೆ ನಾವೇ ಹೇಳಿಕೊಳ್ಳೋ ಮಾತು ಬೈಬಲ್ಲಲ್ಲೇ ಇದೆ, ಅಳು ಸಮೇತ ಇದೆ. ಇನ್ನೊಂದು ಪ್ರಲಾಪಗಳು 3ರಿಂದ: "ದೇವರ ಕರುಣೆ ಇವತ್ತು ಬೆಳಿಗ್ಗೆ ಹೊಸದು. ನಾನು ಇವತ್ತು ಹುಳುಮನೆಗೆ ಬ್ಲೀಚಿಂಗ್ ಹೊಡೆಯುತ್ತೇನೆ." ಅರಿಕೆಯ ಜೊತೆ ಆ ದಿನದ ಒಂದು ಕೆಲಸ ಸೇರಿಸಿ ಬರೆದರೆ ಅದು ನಿಲ್ಲುತ್ತೆ, ನನಗೆ ಹಾಗೆ ಕಂಡಿದೆ.

ಕಾಗದ ತೆಳು, ಜೆಲ್ ಪೆನ್ನು ಆಚೆ ಪುಟಕ್ಕೆ ಇಳಿಯುತ್ತೆ. ಹೊಲಿಗೆ ಏಪ್ರಿಲ್‌ನಲ್ಲೇ ಬಿಟ್ಟಿತು, ಮಗಳು ದಪ್ಪ ದಾರದಲ್ಲಿ ಹೊಲಿದುಕೊಟ್ಟಳು. ಬೆಳಿಗ್ಗೆ ಐದಕ್ಕೆ ಅರ್ಧ ಗಂಟೆ ಮೌನವಾಗಿ ಕೂರಿ ಅಂತ ಒಂದು ಕಡೆ ಇದೆ. ಹುಳು ಹಸಿದಿರುವ ಮನೆಯಲ್ಲಿ ಅದು ಆಗೋದಿಲ್ಲ. ನಾನು ಸೊಪ್ಪು ಹಾಕುತ್ತಲೇ ಪ್ರಾರ್ಥಿಸುತ್ತೇನೆ.

ಕೊಳ್ಳಬಹುದಾ ಅಂದರೆ, ಗುರಿಯ ನಾಲ್ಕು ಪುಟಕ್ಕೋಸ್ಕರ ಕೊಳ್ಳಿ. ಜೊತೆಗೆ ಒಂದು ಗೋಂದಿನ ಬಾಟಲಿಯನ್ನೂ ತಗೊಳ್ಳಿ. ಇವತ್ತಿಗೆ ಮೂರು ಬೆಳೆಯ 24,000 ಕಟ್ಟಿದ್ದೇವೆ. ಲೆಕ್ಕದ ಪುಟದಲ್ಲಿ ಜೂನ್ ಬೆಳೆಯ ಮನೆಯಲ್ಲಿ ಸೊನ್ನೆ ಬರೆದು ಪಕ್ಕದಲ್ಲಿ "ಕರ್ತನು ಬಲ್ಲನು" ಅಂತ ಬರೆದಿದ್ದೇನೆ. ಮೊನ್ನೆ ತಂದ ಚಾಕಿ ಹುಳು, ಅಂದರೆ ಎಳೆ ಹುಳು, ಈಗ ಮೂರನೇ ಜ್ವರಕ್ಕೆ ಕೂತಿದೆ.