ಹೆಲಿಯೋಸ್ 44-2: ಕಾರವಾರದಲ್ಲಿ ಒಂದು ವರ್ಷ ಬಳಸಿದ ಮೇಲೆ

ಆಟೋಫೋಕಸ್ ಇರುವಾಗ ಕೈಯಲ್ಲಿ ತಿರುಗಿಸುವ ಲೆನ್ಸ್ ಯಾಕೆ ಅಂತ ಮನೆಯಲ್ಲಿ ಎಲ್ಲರೂ ಕೇಳಿದರು. ಹುಚ್ಚು ಅಷ್ಟೇ. ನನ್ನ ಹತ್ತಿರ ಸೋನಿ ಎ6000 ಇತ್ತು, ಅದಕ್ಕೆ ಸೋವಿಯತ್ ಕಾಲದ ಹೆಲಿಯೋಸ್ 44-2 ತರಿಸಿದೆ, 58 ಎಂಎಂ, ಎಫ್2, ಆಗ ಜೆನಿಟ್ ಕ್ಯಾಮೆರಾ ಜೊತೆ ಬರುತ್ತಿತ್ತು. ಲೆನ್ಸಿಗೆ 6,500, ಅಡಾಪ್ಟರಿಗೆ 900 ರೂಪಾಯಿ ಆಯ್ತು.

ಅಡಾಪ್ಟರ್ ಅಂದ್ರೆ ಲೆನ್ಸನ್ನು ಕ್ಯಾಮೆರಾಗೆ ಕೂರಿಸುವ ಬರೀ ಖಾಲಿ ಕೊಳವೆ, ಒಳಗೆ ಗಾಜಿಲ್ಲ. ಹೆಲಿಯೋಸ್‌ನಂಥ ಎಂ42 (ತಿರುಪಿನ ಮೌಂಟ್) ಲೆನ್ಸ್ ಫಿಲ್ಮಿನಿಂದ 45.46 ಮಿ.ಮೀ. ದೂರ ಕೂರಬೇಕು, ಸೋನಿಯಲ್ಲಿ ಆ ಜಾಗ 18 ಮಿ.ಮೀ. ಮಾತ್ರ, ಉಳಿದದ್ದನ್ನು ಕೊಳವೆ ತುಂಬುತ್ತದೆ. ನಿಕಾನ್ ಡಿಎಸ್‌ಎಲ್‌ಆರ್ ಇದ್ದವರು ಕೈಹಾಕಬೇಡಿ. ಅಲ್ಲಿ ಆ ದೂರವೇ 46.5, ಗಾಜಿಲ್ಲದ ಅಡಾಪ್ಟರಿನಲ್ಲಿ ದೂರದ್ದು ಯಾವುದೂ ಫೋಕಸ್ ಆಗುವುದಿಲ್ಲ.

ಹಾಕಿದ ಮೊದಲ ದಿನ ಶಟರ್ ಒತ್ತಿದರೆ ಕ್ಲಿಕ್ಕೇ ಆಗಲಿಲ್ಲ! ಕ್ಯಾಮೆರಾಗೆ ಲೆನ್ಸ್ ಇದೆ ಅಂತಲೇ ಗೊತ್ತಾಗಲ್ಲ, ಅಲ್ವಾ. ಮೆನುವಿನಲ್ಲಿ 'ರಿಲೀಸ್ ವಿದೌಟ್ ಲೆನ್ಸ್' ಆನ್ ಮಾಡಿದ ಮೇಲೆ ಸರಿಯಾಯ್ತು. ಫೋಕಸ್ ಆದ ಅಂಚಿಗೆ ಬಣ್ಣ ಹಚ್ಚಿ ತೋರಿಸುವ ಫೋಕಸ್ ಪೀಕಿಂಗ್ ಕೂಡ ಹಾಕಿಕೊಳ್ಳಿ, ಆದರೆ ಎಫ್2ನಲ್ಲಿ, ಅಂದ್ರೆ ಲೆನ್ಸ್ ಪೂರ್ತಿ ತೆರೆದಾಗ, ಅದನ್ನೇ ನಂಬಬೇಡಿ. ಎದುರಿನವರ ಕಣ್ಣಿನ ಮೇಲೆ ಫೋಕಸ್ ಸರಿಯಾಗಿದೆ ಅಂತ ಪೀಕಿಂಗ್ ತೋರಿಸುತ್ತದೆ, ಮನೆಗೆ ಬಂದು ನೋಡಿದರೆ ಕಿವಿ ಚೆನ್ನಾಗಿ ಬಂದಿರುತ್ತದೆ. ಜೂಮ್ ಮಾಡಿ ನೋಡಿಯೇ ಒತ್ತಬೇಕು.

ಟಾಗೋರ್ ಬೀಚಿನಲ್ಲಿ ಬಲೆ ಸರಿಮಾಡುತ್ತಾ ಕೂತವರ ಚಿತ್ರ ತೆಗೆಯಲು ಇದಕ್ಕಿಂತ ಒಳ್ಳೆಯದು ನನ್ನ ಹತ್ತಿರ ಇಲ್ಲ. ಅವರು ಕದಲುವುದಿಲ್ಲ, ನನಗೂ ಅವಸರ ಇಲ್ಲ. ಸಂಜೆ ಬಿಸಿಲು ಎದುರಿದ್ದರೆ ಚಿತ್ರ ಸ್ವಲ್ಪ ಮಬ್ಬಾಗುತ್ತದೆ, ನನಗೆ ಅದೂ ಇಷ್ಟ. ಆದರೆ ಹೊನ್ನಾವರದ ಕಡೆ ಯಕ್ಷಗಾನ ಆಟಕ್ಕೆ ಒಯ್ದು ಪೂರ್ತಿ ಸೋತೆ. ವೇಷ ಗಿರಕಿ ಹೊಡೆಯಲು ಶುರುವಾದ ಮೇಲೆ ಕೈ ರಿಂಗಿನ ಮೇಲೆ, ಫೋಕಸ್ ಚಂಡೆಯವರ ಮೇಲೆ. ಇನ್ನೂರು ಚಿತ್ರದಲ್ಲಿ ಒಂಬತ್ತು ಉಳಿದವು.

ಜನ ಹುಚ್ಚೆದ್ದು ಹೊಗಳುವ ಆ ಸುಳಿ ಸುತ್ತುವ ಹಿನ್ನೆಲೆ ನನ್ನ ಕ್ಯಾಮೆರಾದಲ್ಲಿ ಅರ್ಧಕ್ಕರ್ಧ ಕಾಣಲ್ಲ. ಸುಳಿ ಇರುವುದು ಅಂಚಿನಲ್ಲಿ, ನನ್ನ ಕ್ಯಾಮೆರಾದ ಚಿಕ್ಕ ಎಪಿಎಸ್‌-ಸಿ ಸೆನ್ಸರ್ ಅಂಚನ್ನೇ ಕತ್ತರಿಸುತ್ತದೆ. ಹಿಂದೆ ಎಲೆ ತುಂಬಿದ ಮರ ಇದ್ದರೆ ಒಂಚೂರು ಸಿಗುತ್ತದೆ. ಆ ಸುಳಿಗೋಸ್ಕರವೇ ಕೊಳ್ಳುವವರು ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾ ಇದ್ದರೆ ಮಾತ್ರ ಕೊಳ್ಳಿ.

ಈಗ ನಿಜವಾದ ತಲೆನೋವು. ಮಾರಿದವರು 'ಗಾಜು ಕ್ಲೀನ್' ಅಂದಿದ್ದರು. ಬಂದ ಮೇಲೆ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಜೇಡರಬಲೆ ಹಾಗೆ ಬೂಷ್ಟು. ಕೇಳಿದರೆ ಉತ್ತರವೇ ಇಲ್ಲ. ಹಗಲಿನ ಚಿತ್ರದಲ್ಲಿ ಏನೂ ಗೊತ್ತಾಗಲ್ಲ, ಫ್ರೇಮಿನೊಳಗೆ ಬಲ್ಬು ಬಂದರೆ ಮಾತ್ರ ಸುತ್ತ ಮಂಜು ಕವಿದಂತೆ. ನಮ್ಮ ಮಳೆಗಾಲದಲ್ಲಿ ಬೀರುವಿನ ಚರ್ಮದ ಬೆಲ್ಟಿಗೇ ಬೂಷ್ಟು ಬರುತ್ತದೆ, ಲೆನ್ಸ್ ಬಿಡುತ್ತದೆಯೇ? ಹಾಗಾಗಿ ಗಾಳಿ ಆಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ನೂರೈವತ್ತು ರೂಪಾಯಿ ಮೀಟರ್. ಜೂನ್‌ನಿಂದ ಸೆಪ್ಟೆಂಬರ್ ತನಕ ಬಳಸದಿದ್ದರೂ ಡಬ್ಬಿ ತೆರೆದು ಮೀಟರ್ ನೋಡುತ್ತೇನೆ. ಬ್ಯಾಗಿನಲ್ಲೇ ಇಟ್ಟು ಮರೆಯುವ ಅಭ್ಯಾಸ ಇರುವವರಿಗೆ ಈ ಲೆನ್ಸ್ ಬೇಡ.