ಅಭಿಪ್ರಾಯ ಆಮೇಲೆ ಹೇಳಿ, ಮೊದಲು ಪುಟ ತೆಗೀರಿ

ತಿಂಗಳ ಎರಡನೇ ಭಾನುವಾರ ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು, ಚೀಲಕ್ಕೆ ಪುಸ್ತಕ, ಕನ್ನಡಕ, ಒಂದು ಪೆನ್ಸಿಲ್ ಹಾಕಿಕೊಂಡು ಶಿವಮೊಗ್ಗದ ಗೋಪಾಳದಲ್ಲಿ ಸಿಟಿ ಬಸ್ ಹತ್ತುತ್ತೇನೆ. ದುರ್ಗಿಗುಡಿಯ ಒಂದು ಅಡ್ಡರಸ್ತೆಯಲ್ಲಿ ನಿವೃತ್ತ ಕನ್ನಡ ಟೀಚರೊಬ್ಬರ ಹೆಂಚಿನ ಮನೆಯಿದೆ. ಅಲ್ಲಿ ನಾಲ್ಕು ಗಂಟೆಗೆ ನಮ್ಮ ಓದು ಬಳಗ ಸೇರುತ್ತದೆ. ಹದಿನಾಲ್ಕು ಹದಿನೈದು ಜನ ಬರುತ್ತೇವೆ. ಬಳಗಕ್ಕೆ ಇನ್ನೂ ಒಂದು ಹೆಸರು ಅಂತ ಇಟ್ಟಿಲ್ಲ. ನಾನು ಸೇರಿ ಎರಡು ವರ್ಷವಾಯಿತು. ಶಿವಮೊಗ್ಗದಲ್ಲಿ ಓದುವವರು ಸೇರುವ ಜಾಗ ಯಾವುದಾದರೂ ಇದೆಯಾ ಅಂತ ಕೇಳುವವರಿಗೆ ವಿವರವಾಗಿಯೇ ಹೇಳೋಣವೆಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ಕೆಲಸ ಎಪಿಎಂಸಿ ಯಾರ್ಡಿನ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವುದು. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ಬಗೆಗಳು, ದಿನವಿಡೀ ಅವುಗಳ ಚೀಟಿ, ತೂಕ, ದರ. ಕಾದಂಬರಿ ಓದುವುದು ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ. ಓದಿದ್ದನ್ನು ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು ಅನ್ನುವ ಹಸಿವು ನನಗೆ ಮೊದಲಿನಿಂದಲೂ ಇತ್ತು. ಹಾಗಾಗಿ ಈ ಬಳಗಕ್ಕೆ ಬರುವ ಮುಂಚೆ ಎರಡು ಕಡೆ ಸೇರಿ, ಎರಡನ್ನೂ ಬಿಟ್ಟಿದ್ದೆ. ಒಂದು ಆನ್‌ಲೈನ್ ಬಳಗ. ವರ್ಷಕ್ಕೆ 1,200 ರೂಪಾಯಿ ಕಟ್ಟಿದ್ದೆ. ಒಂದೂವರೆ ಗಂಟೆಯ ಸಭೆಯಲ್ಲಿ ಅತಿಥಿಗಳ ಮಾತೇ ಒಂದು ಗಂಟೆ, ಉಳಿದ ಹೊತ್ತಿನಲ್ಲಿ ಒಬ್ಬೊಬ್ಬರಿಗೂ ಎರಡೆರಡು ನಿಮಿಷ. ಆ ಎರಡು ನಿಮಿಷದಲ್ಲಿ ಎಲ್ಲರೂ ‘ತುಂಬಾ ಕಾಡುವ ಕೃತಿ’ ಅನ್ನುತ್ತಿದ್ದರು. ಯಾವ ಜಾಗ ಕಾಡಿತು ಅಂತ ಒಮ್ಮೆ ಕೇಳಿದೆ. ಸಮಯ ಮುಗಿಯಿತು ಅಂದರು. ಇನ್ನೊಂದು ನಮ್ಮೂರಿನದೇ, ಸಭಾಂಗಣದ ಕಾರ್ಯಕ್ರಮ. ಸ್ವಾಗತ, ಹಾರ, ಶಾಲು, ವಂದನಾರ್ಪಣೆ ಎಲ್ಲ ಕ್ರಮವಾಗಿ ನಡೆಯಿತು. ವೇದಿಕೆಯ ಮೇಜಿನ ಮೇಲಿದ್ದ ಪುಸ್ತಕವನ್ನು ಕೊನೆಯವರೆಗೂ ಯಾರೂ ಬಿಚ್ಚಲಿಲ್ಲ. ನನಗೆ ನಿಜಕ್ಕೂ ಬೇಸರವಾಯಿತು.

ಟೀಚರ ಮನೆಯಲ್ಲಿ ಇರುವುದು ಒಂದೇ ನಿಯಮ. ಕಾದಂಬರಿ ಚೆನ್ನಾಗಿದೆ, ಚೆನ್ನಾಗಿಲ್ಲ, ಸ್ತ್ರೀಪರ, ಪ್ರಗತಿಪರ ಅಂತೆಲ್ಲ ಹೇಳುವ ಮುಂಚೆ ನಿಮ್ಮನ್ನು ಹಿಡಿದು ನಿಲ್ಲಿಸಿದ ಒಂದು ಪುಟ ತೆಗೆದು ಗಟ್ಟಿಯಾಗಿ ಓದಬೇಕು. ಅರ್ಧ ಪುಟವಾದರೂ ಸಾಕು. ಯಾರಾದರೂ ನೇರವಾಗಿ ಭಾಷಣಕ್ಕಿಳಿದರೆ ಟೀಚರ್ ಕೈ ಎತ್ತಿ, “ಅಭಿಪ್ರಾಯ ಆಮೇಲೆ ಹೇಳಿ, ಮೊದಲು ಪುಟ ತೆಗೀರಿ” ಅನ್ನುತ್ತಾರೆ. ಮಾತು ಆ ಪುಟದಿಂದಲೇ ಶುರುವಾಗಬೇಕು. ಇಷ್ಟರಿಂದಲೇ ಈ ಬಳಗ ಬೇರೆಯಾಗಿದೆ ಅನ್ನುವುದು ನನ್ನ ನಂಬಿಕೆ.

ಅದು ಹೇಗೆ ಅಂತ ನನಗೆ ಮೊದಲು ಗೊತ್ತಾದದ್ದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದುವಾಗ. 1967ರಲ್ಲಿ ಬಂದ ಕಾದಂಬರಿ, ತಲೆದಿಂಬಿನಷ್ಟು ದಪ್ಪ. ಮೈಸೂರಿನ ರಂಗಾಯಣ ಅದನ್ನು ನಾಟಕ ಮಾಡಿದಾಗ ರಾತ್ರಿಯಿಡೀ ಒಂಬತ್ತು ಗಂಟೆ ಆಡಬೇಕಾಯಿತು. ನಾವು ಅದಕ್ಕೆ ನಾಲ್ಕು ತಿಂಗಳು ಕೊಟ್ಟೆವು. ನಾನು ತೀರ್ಥಹಳ್ಳಿ ಕಡೆಯವಳು, ಕುಪ್ಪಳಿಗೆ ಎಷ್ಟೋ ಸಲ ಹೋಗಿ ಬಂದವಳು. ಆದರೂ ಮೊದಲ ಸಲ ಹಿಡಿದಾಗ ನೂರು ಪುಟ ದಾಟುವಷ್ಟರಲ್ಲಿ ಯಾವ ಹೆಗ್ಗಡೆ ಯಾವ ಮನೆಯವನು ಅನ್ನುವುದು ಕಲಸಿಹೋಗಿ ಪುಸ್ತಕ ಮುಚ್ಚಿಟ್ಟಿದ್ದೆ. ಬಳಗದಲ್ಲಿ ಒಬ್ಬರು ಶಿವಮೊಗ್ಗ-ತೀರ್ಥಹಳ್ಳಿ-ಆಗುಂಬೆ ರೂಟಿನಲ್ಲಿ ವರ್ಷಗಟ್ಟಲೆ ಕಂಡಕ್ಟರ್ ಆಗಿದ್ದವರು. ಎಲ್ಲರೂ ಕಂಡಕ್ಟರ್ ಸಾರ್ ಅಂತಲೇ ಕರೆಯುತ್ತೇವೆ. ಒಂದು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಸಿಂಬಾವಿ, ಬೆಟ್ಟಳ್ಳಿ ಅಂತ ಕಾದಂಬರಿಯ ಊರುಗಳನ್ನೆಲ್ಲ ಬಸ್ ಸ್ಟಾಪಿನ ಹಾಗೆ ಸಾಲಾಗಿ ಬರೆದು, ಒಂದೊಂದರ ಕೆಳಗೆ ಅಲ್ಲಿನ ಜನರ ಹೆಸರು ಹಾಕಿಕೊಂಡು ಬಂದಿದ್ದರು. ಅದನ್ನು ನೋಡಿಕೊಂಡು ಓದಿದವರೆಲ್ಲ ಕಾದಂಬರಿ ಮುಗಿಸಿದರು. ನಾನೂ ಮುಗಿಸಿದೆ.

ನಾಲ್ಕನೇ ತಿಂಗಳು ಕಂಡಕ್ಟರ್ ಸಾರ್ ತೆಗೆದದ್ದು ಸಿಂಬಾವಿಯ ಜೀತದಾಳು ಗುತ್ತಿಯ ನಾಯಿ ‘ಹುಲಿಯ’, ತುಂಗೆಯ ನೆರೆಯಲ್ಲಿ ಕೊಚ್ಚಿಹೋಗುವ ಪುಟ. ಮೊದಲಿನ ಸಾಲುಗಳನ್ನು ಸಲೀಸಾಗಿ, ಆಗುಂಬೆ ಆಗುಂಬೆ ಅಂತ ಕೂಗಿ ರೂಢಿಯಾದ ಆ ಗಟ್ಟಿ ದನಿಯಲ್ಲೇ ಓದಿದರು. ಗುತ್ತಿಯ ಮಾತು ಬಂದಾಗ ಅದು ಓದಿದ ಹಾಗೆ ಇರಲಿಲ್ಲ, ಅವರದೇ ಮಾತಾಗಿತ್ತು. ನಾಯಿ ಈಜತೊಡಗುವ ಹೊತ್ತಿಗೆ ದನಿ ಸಣ್ಣದಾಯಿತು. ಒಂದು ಕಡೆ ನಿಂತು, ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಉಳಿದದ್ದನ್ನು ಓದಿ ಮುಗಿಸಿದರು. ಮುಗಿದ ಮೇಲೆ ಅವರು ಹೇಳಿದ್ದು ಇಷ್ಟೇ: “ಮಂಡಗದ್ದೆ ದಾಟಿದ ಮೇಲೆ ಕಿಟಕಿಯಿಂದ ಹೊಳೆ ಕಾಣ್ತದಲ್ಲ, ಆಷಾಢದಲ್ಲಿ ಕೆಂಪಗೆ. ಟಿಕೆಟ್ ಹರಿಯೋದು ಬಿಟ್ಟು ಅದನ್ನೇ ನೋಡ್ತಾ ನಿಂತಿದ್ದಿದೆ. ಈ ನಾಯಿ ನೆನಪಾಗಿ.” ಅಷ್ಟು ದೊಡ್ಡ ಕಾದಂಬರಿಯಲ್ಲಿ ಹುಲಿಯ ಅನ್ನುವ ನಾಯಿಗೂ ಅದರ ಸಾವಿಗೂ ಹೆಗ್ಗಡೆಯರಿಗೆ ಸಿಕ್ಕಷ್ಟೇ ಜಾಗ ಸಿಗುತ್ತದೆ ಅನ್ನುವುದನ್ನು ಯಾವ ವಿಮರ್ಶೆಯೂ ನನಗೆ ಅಷ್ಟು ಚೆನ್ನಾಗಿ ತಿಳಿಸಿರಲಿಲ್ಲ.

ದಾವಣಗೆರೆ ಕಡೆಯ ಒಬ್ಬ ಹುಡುಗಿ, ಇಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ, ಕಂಬಳಿಕೊಪ್ಪೆ ಅಂದರೇನು, ಗೊರಬು ಅಂದರೇನು ಅಂತ ಕೇಳಿದಳು. ಕಂಬಳಿಕೊಪ್ಪೆ ಮಳೆಗೆ ತಲೆಯ ಮೇಲಿಂದ ಮಡಿಸಿ ಹೊದೆಯುವ ಕಂಬಳಿ. ಗೊರಬು ಅಂದಾಗ ನನ್ನ ಬಾಯಿಗೆ ಮೊದಲು ಬಂದದ್ದು ಮಂಡಿಯ ಗೊರಬಲು. ಕಂಡಕ್ಟರ್ ಸಾರ್ ಮರುತಿಂಗಳು ತಮ್ಮ ತಾಯಿ ನಾಟಿಗೆ ಹಾಕಿಕೊಳ್ಳುತ್ತಿದ್ದ ಗೊರಬನ್ನೇ ತಂದರು. ಬಿದಿರಿನ ಸೀಳಿಗೆ ಎಲೆ ಹೆಣೆದದ್ದು, ಅಂಚಿನಲ್ಲಿ ಎರಡು ಕಡೆ ಮುರಿದಿತ್ತು. ಹುಡುಗಿ ಅದನ್ನು ತಲೆಯ ಮೇಲೆ ಇಟ್ಟುಕೊಂಡು ಬಗ್ಗಿ ನಿಂತಳು. ಬೆನ್ನು ಪೂರ್ತಿ ಮುಚ್ಚಿತು, ಎರಡು ಕೈಯೂ ಖಾಲಿ. “ಹಾಗಾದ್ರೆ ಮಳೇಲೂ ಕೆಲಸ ನಿಲ್ಲಿಸೋ ಹಾಗಿರಲಿಲ್ಲ ಅಂತಾಯ್ತು, ಅಲ್ವಾ ಅಕ್ಕ?” ಅಂದಳು.

ನಾ. ಡಿಸೋಜ ಅವರ ‘ದ್ವೀಪ’ ತೆಗೆದುಕೊಂಡದ್ದು 2025ರ ಜನವರಿಯಲ್ಲಿ ಅವರು ತೀರಿಕೊಂಡ ಮೇಲೆ. ಸಾಗರದಲ್ಲಿದ್ದವರು, ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡಿದವರು. ಶರಾವತಿ ಮುಳುಗಡೆಯನ್ನು ಹತ್ತಿರದಿಂದ ಕಂಡವರು. ನಮ್ಮಲ್ಲಿ ಹೆಚ್ಚಿನವರಿಗೆ ಗಿರೀಶ ಕಾಸರವಳ್ಳಿಯವರ 2002ರ ಸಿನಿಮಾ ಗೊತ್ತಿತ್ತು, ಪುಸ್ತಕ ಓದಿದವರು ಮೂವರು. ಚಿಕ್ಕ ಕಾದಂಬರಿ. ಪರಿಹಾರ ಕೈಗೆ ಬರದೆ ಊರು ಬಿಡಲಾಗದೆ ಉಳಿದ ಒಂದು ಕುಟುಂಬ, ಸುತ್ತ ಏರುವ ನೀರು. ಒಂದೇ ರಾತ್ರಿಯಲ್ಲಿ ಓದಿ ಮುಗಿಸಿದೆ, ಆಮೇಲೆ ನಿದ್ದೆ ಬರಲಿಲ್ಲ.

ಆ ಭಾನುವಾರ ಟೀಚರ ಪಕ್ಕದ ಮನೆಯ ಅಮ್ಮನೂ ಬಂದು ಜಗಲಿಯ ಮೂಲೆಯಲ್ಲಿ ಕೂತಿದ್ದರು. ಎಪ್ಪತ್ತು ದಾಟಿದವರು, ಸಣ್ಣ ಅಕ್ಷರ ಕಾಣುವುದಿಲ್ಲ. ದಾವಣಗೆರೆಯ ಹುಡುಗಿ ನೀರು ಏರುವ ಭಾಗ ಓದುತ್ತಿದ್ದಳು. ಅಮ್ಮ ನಡುವೆಯೇ ಕೈ ತೋರಿಸಿ ನಿಲ್ಲಿಸಿದರು. ಅವರ ತವರು ಲಿಂಗನಮಕ್ಕಿ ನೀರಿನಲ್ಲಿ ಹೋದದ್ದಂತೆ. 1964ರಲ್ಲಿ ಅಣೆಕಟ್ಟು ಮುಗಿದಾಗ ಅವರಿನ್ನೂ ಚಿಕ್ಕ ಹುಡುಗಿ. “ನೀರು ಒಂದೇ ಸಲ ಬರಲಿಲ್ಲ ಕಣಮ್ಮ. ದಿನಾ ಬೆಳಿಗ್ಗೆ ಎದ್ದು ನೋಡೋದು, ಎಲ್ಲಿಗೆ ಬಂತು ಅಂತ. ತೋಟದ ಕೆಳಗಿನ ಸಾಲಿಗೆ ಬಂದಾಗ ನಮ್ಮಪ್ಪ ಅಡಿಕೆಯ ಎಳೆ ಕೊನೆಯನ್ನೇ ಕೊಯ್ದು ಇಳಿಸಿದ. ಮಾರೋಕೆ ಬರಲ್ಲ ಅಂತ ಅವನಿಗೂ ಗೊತ್ತಿತ್ತು. ಮರದ ಮೇಲೆ ಬಿಟ್ಟು ಹೋಗಲಿಕ್ಕೆ ಮನಸ್ಸಾಗಲಿಲ್ಲ.” ಯಾರೂ ಏನೂ ಹೇಳಲಿಲ್ಲ. ಹದಿನೆಂಟು ವರ್ಷದಿಂದ ಅಡಿಕೆಯ ಲೆಕ್ಕ ಬರೆಯುತ್ತಿದ್ದೇನೆ, ಎಳೆ ಕೊನೆ ಅನ್ನುವ ಮಾತು ಆ ದಿನ ಕೇಳಿಸಿದ ಹಾಗೆ ಎಂದೂ ಕೇಳಿಸಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವರೇ, “ಓದಮ್ಮ, ಮುಂದೆ ಓದು” ಅಂದರು.

ಶರಾವತಿಯಲ್ಲಿ ಮನೆ ಕಳೆದುಕೊಂಡವರ ಭೂಮಿಯ ಹಕ್ಕಿನ ಪ್ರಶ್ನೆ ಇವತ್ತಿಗೂ ಪೂರ್ತಿ ಮುಗಿದಿಲ್ಲ. ಅದೇ ಹಿನ್ನೀರಿನ ಮೇಲೆ ಸಿಗಂದೂರಿಗೆ ಸೇತುವೆಯಾಗಿ 2025ರ ಜುಲೈನಿಂದ ವಾಹನ ಓಡಾಡುತ್ತಿವೆ. ಅಮ್ಮನನ್ನು ಮಗ ಕಾರಿನಲ್ಲಿ ಕರೆದುಕೊಂಡು ಹೋಗಿದ್ದನಂತೆ. ಲಾಂಚಿನಲ್ಲಾದರೆ ನಿಧಾನ, ನೀರನ್ನು ನೋಡಲಿಕ್ಕಾಗುತ್ತಿತ್ತು ಅಂದರು.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಪುಟ ತೆಗೆದು ಓದಲಿಕ್ಕೆ ನನಗೆ ಧೈರ್ಯ ಕೊಟ್ಟ ಪುಸ್ತಕ. ಅದುವರೆಗೆ ನಾನು ಕೇಳುತ್ತ ಕೂರುವವಳು. ಬೇರೆಯವರು ಇರುವೆಗಳ ಪುಟ ತೆಗೆದರು, ಕಾಫಿ ಹೌಸಿನ ವಿನ್ಸೆಂಟ್ ಬರುವ ಪುಟ ತೆಗೆದರು. ನಾನು ತೆಗೆದದ್ದು ಸೇಲ್ಸ್‌ಮನ್ ಅಪ್ಪ ಮನೆಗೆ ಬಂದು ದಿನದ ಲೆಕ್ಕ ನೋಡುವ, ಲೆಕ್ಕ ತಾಳೆಯಾಗದ ಭಾಗ. ಲೆಕ್ಕ ಹೊಂದದಿದ್ದರೆ ಮನೆಯಿಡೀ ಹೇಗೆ ಉಸಿರು ಹಿಡಿಯುತ್ತದೆ ಅನ್ನುವುದು ನನಗೆ ಗೊತ್ತು. ಮಾರ್ಚ್ ಕೊನೆಯಲ್ಲಿ ಒಂದು ರಾತ್ರಿ 340 ರೂಪಾಯಿ ಹೊಂದದೆ ಹನ್ನೊಂದರವರೆಗೆ ಮಂಡಿಯಲ್ಲಿ ಕೂತಿದ್ದೆ. ಸಾಹುಕಾರರು ಬೈಯಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ. ಕೊನೆಗೆ ಹಮಾಲಿಯ ಒಂದು ಚೀಟಿ ಎರಡು ಸಲ ಏರಿಸಿದ್ದು ಸಿಕ್ಕಿತು. ಕಾದಂಬರಿಯ ಆ ಕುಟುಂಬಕ್ಕೆ ಆಮೇಲೆ ದುಡ್ಡು ಬಂದು ಯಾರೂ ಪೈಸೆಗೆ ಲೆಕ್ಕ ಕೇಳದ ಹಾಗಾಗುತ್ತದೆ. ಲೆಕ್ಕ ತಾಳೆ ನೋಡುವ ಆ ಮನೆಯೇ ಒಂದು ಮನೆಯಾಗಿತ್ತು, ಅದು ಹೋದ ಮೇಲೆ ಉಳಿದದ್ದು ಗುಟ್ಟು ಅಂತ ನನಗನ್ನಿಸಿತು. ಹಾಗೆಯೇ ಹೇಳಿದೆ. ಈಚಿನ ಕಾದಂಬರಿಗಳಲ್ಲಿ ನಾನು ಇಷ್ಟು ಮೆಚ್ಚಿದ್ದು ಇನ್ನೊಂದಿಲ್ಲ. ಒಂದು ಸಾಲನ್ನೂ ತೆಗೆದು ಹಾಕಲಾಗದು.

ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019) ವಿಷಯದಲ್ಲಿ ನಾನು ಬಳಗದ ಬಹುಮತಕ್ಕೆ ವಿರುದ್ಧ. ಲಿಸ್ಬನ್ನಿನ ಭಾಗ, ಬೆಲ್ಲಾಳನ್ನು ಬಿಟ್ಟು ಹಡಗು ಹತ್ತುವ ಗೇಬ್ರಿಯಲ್, ಆ ಪಯಣ, ಇವನ್ನೆಲ್ಲ ಮಂಡಿಗೂ ಕೊಂಡೊಯ್ದು ಊಟದ ಬಿಡುವಿನಲ್ಲಿ ಓದಿದ್ದೇನೆ. ಅಷ್ಟು ಹಿಡಿಯಿತು. ಆದರೆ ನಿಲ್ಲುವ ಪುಟ ಹುಡುಕಲು ಹೋದಾಗ ಸಿಗಲಿಲ್ಲ. ಒಂದು ಘಟನೆಯ ಬೆನ್ನಿಗೆ ಇನ್ನೊಂದು ಬಂದುಬಿಡುತ್ತದೆ. ದುಃಖಪಡಲಿಕ್ಕೆ ಒಂದು ಗಳಿಗೆಯಾದರೂ ಬೇಡವೇ? “ಕತೆ ಹೇಳುವವನ ಕೆಲಸ ಕತೆ ಓಡಿಸೋದು, ನೀನು ಎಲ್ಲದರಲ್ಲೂ ಘಾಚರ್ ಘೋಚರ್ ಹುಡುಕಬೇಡ” ಅಂದರು ಟೀಚರ್. ಅವರು ಹೇಳಿದ್ದರಲ್ಲಿ ನ್ಯಾಯವಿದೆ. ಪುಟ ತೆಗೆಯುವ ನಿಯಮ ಎಲ್ಲ ಕಾದಂಬರಿಗೂ ಒಂದೇ ತೂಕದಲ್ಲಿ ಒಗ್ಗುವುದಿಲ್ಲ. ಓಟವೇ ಚೆಲುವಾಗಿರುವ ಪುಸ್ತಕಕ್ಕೆ ಅದು ಅನ್ಯಾಯ ಮಾಡಬಹುದು. ಆದರೂ ನನ್ನ ಮನಸ್ಸು ಬದಲಾಗಿಲ್ಲ.

ಬಳಗದ ಮೇಲೆ ನನಗಿರುವ ದೊಡ್ಡ ದೂರು ‘ಫಣಿಯಮ್ಮ’ ಓದಿದ ತಿಂಗಳಿನದು. ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ 1976ರ ಕಾದಂಬರಿ. ನಾನು ಗುರುತು ಹಾಕಿಕೊಂಡು ಹೋದದ್ದು ತಲೆ ಬೋಳಿಸಿಕೊಳ್ಳಲು ಒಪ್ಪದ ಎಳೆಯ ವಿಧವೆ ದಾಕ್ಷಾಯಣಿಯ ಪರವಾಗಿ, ತಾನೇ ಬಾಲವಿಧವೆಯಾದ ಫಣಿಯಮ್ಮ ನಿಲ್ಲುವ ಜಾಗ. ಬಾಲ್ಯದಿಂದ ತಾನು ಅನುಭವಿಸಿದ್ದನ್ನು ಇನ್ನೊಬ್ಬಳು ಅನುಭವಿಸಬೇಕಿಲ್ಲ ಅಂತ ಆ ಮುದುಕಿಗೆ ಅನ್ನಿಸಿತಲ್ಲ, ಅದು ಎಷ್ಟು ದೊಡ್ಡ ಮನಸ್ಸು! ಅದನ್ನು ಓದುವ ಮುಂಚೆಯೇ ಮೂವರು ಗಂಡಸರು ‘ಆ ಕಾಲವೇ ಹಾಗಿತ್ತು’ ಅಂತ ಶುರುಮಾಡಿ ಅರ್ಧ ಗಂಟೆ ಮಾತಾಡಿದರು. ಟೀಚರ್ ಆ ದಿನ ಕೈ ಎತ್ತಲಿಲ್ಲ. ಮನೆಯಲ್ಲಿ ಅಂಥ ಅಜ್ಜಿಯರನ್ನು ಕಂಡ ಹೆಂಗಸರು ನಾವು ನಾಲ್ಕು ಜನ ಇದ್ದೆವು. ಒಬ್ಬರೂ ಬಾಯಿ ಬಿಡದೆ ಎದ್ದು ಬಂದೆವು. ಬಸ್ ಸ್ಟಾಪಿನಲ್ಲಿ ನಿಂತು ನಮ್ಮ ನಮ್ಮ ಪುಟಗಳನ್ನು ಒಬ್ಬರಿಗೊಬ್ಬರು ತೋರಿಸಿಕೊಂಡೆವು. ಮರುದಿನ ಟೀಚರಿಗೆ ಫೋನ್ ಮಾಡಿ ಹೇಳಿದೆ. ತಪ್ಪಾಯಿತು ಅಂದರು. ಆಮೇಲಿಂದ ಮೊದಲ ಪುಟ ಯಾರದು ಅಂತ ಚೀಟಿ ಎತ್ತುತ್ತೇವೆ.

ಉಳಿದ ಕೊರತೆಗಳು ಸಣ್ಣವು. ಮಲೆನಾಡಿನ ಕಾದಂಬರಿಗಳಿಗೇ ಹೆಚ್ಚು ಅಂಟಿಕೊಂಡಿದ್ದೇವೆ, ಬಯಲುಸೀಮೆಯದೂ ಕರಾವಳಿಯದೂ ಬರಬೇಕು. ಹಳೆಯ ಪುಸ್ತಕಗಳ ಪ್ರತಿ ಸಾಕಷ್ಟು ಸಿಗುವುದಿಲ್ಲ. ಒಂದು ಪ್ರತಿ ಮೂವರ ಕೈ ದಾಟುವಷ್ಟರಲ್ಲಿ ತಿಂಗಳು ಮುಗಿದಿರುತ್ತದೆ. ಖರ್ಚು ಅಂತ ಇಲ್ಲ. ಬಾಗಿಲ ಬಳಿಯ ಡಬ್ಬಿಗೆ 20 ರೂಪಾಯಿ ಹಾಕಿದರೆ ಕಾಫಿ, ಒಗ್ಗರಣೆ ಮಂಡಕ್ಕಿ. ಮಳೆಗಾಲದಲ್ಲಿ ಹಲಸಿನ ಹಪ್ಪಳ ಸುಡುತ್ತಾರೆ.

ಮುಂದಿನ ತಿಂಗಳಿಗೆ ತೇಜಸ್ವಿಯವರ ‘ಕರ್ವಾಲೊ’. ಹಾರುವ ಓತಿ ಕಣ್ಣಿಗೆ ಬೀಳುವ ಪುಟವನ್ನು ತಾನೇ ಓದುವುದು ಅಂತ ಕಂಡಕ್ಟರ್ ಸಾರ್ ಈಗಲೇ ಕಾದಿರಿಸಿದ್ದಾರೆ. ಚೀಟಿಯಲ್ಲಿ ಬಂದರೆ ಮಾತ್ರ ಅಂತ ಹೇಳಿದ್ದೇವೆ. ದಾವಣಗೆರೆಯ ಹುಡುಗಿ ವಾರಕ್ಕೆ ಎರಡು ಅಧ್ಯಾಯ ಫೋನಿನಲ್ಲಿ ಓದಿ ರೆಕಾರ್ಡ್ ಮಾಡಿ ಪಕ್ಕದ ಮನೆಯ ಅಮ್ಮನಿಗೆ ಕಳಿಸುತ್ತಿದ್ದಾಳೆ. ಅವಳ ಓದು ಸ್ವಲ್ಪ ಅವಸರ, ನಿಧಾನ ಮಾಡಲಿಕ್ಕೆ ಹೇಳು ಅಂತ ಅಮ್ಮ ಮೊನ್ನೆ ನನಗೆ ಫೋನ್ ಮಾಡಿದ್ದರು. ಬರುವವರು ಪುಸ್ತಕದಲ್ಲಿ ಒಂದು ಪುಟಕ್ಕೆ ಗುರುತು ಹಾಕಿಕೊಂಡು ಬನ್ನಿ. ಕೊಡೆ ಇಡಲಿಕ್ಕೆ ಜಗಲಿಯ ಎಡಗಡೆ ಬಕೆಟ್ ಇದೆ.