ಅಪ್ಪಯ್ಯನ ತೊಡೆ ನೋವಿಗೆ ಶಿರಸಿಯಲ್ಲಿ ಸಿಕ್ಕ ಒಳ್ಳೆಯ ಫಿಸಿಯೋಥೆರಪಿ

ಶಿರಸಿ ಪೇಟೆಯ ಈ ಸಣ್ಣ ಫಿಸಿಯೋಥೆರಪಿ ಕ್ಲಿನಿಕ್‌ಗೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೇನೆ. ಇಲ್ಲಿ ಮೊದಲು ಕೇಳುತ್ತಾರೆ, ಆಮೇಲೆ ಕೈ ಹಚ್ಚುತ್ತಾರೆ.

ಅಪ್ಪಯ್ಯನಿಗೆ ಬಲ ತೊಡೆಯ ಹೊರಬದಿಯಲ್ಲಿ ಉರಿ, ಜೋಮು. ಪಂಚೆ ತಾಗಿದರೂ ಚುರುಚುರು. ಮಳೆಗಾಲ ಪೂರ್ತಿ ಹೀಗೇ ಹೋಯಿತು. ಊರಲ್ಲಿ ಎಲ್ಲರೂ ಸಯಾಟಿಕಾ, ಅಂದರೆ ಸೊಂಟದಿಂದ ಕಾಲಿಗೆ ಇಳಿಯುವ ನರದ ನೋವು ಎಂದರು, ಬೇರೊಂದು ಕಡೆ ತೋರಿಸಿದರೆ ಮುಟ್ಟಿಯೂ ನೋಡದೆ ಸೊಂಟದ ಎಂಆರ್‌ಐ ಬರೆದುಕೊಟ್ಟರು.

ಇಲ್ಲಿನ ಮೇಡಂ ಅಪ್ಪಯ್ಯನ ಕೈಗೆ ಪೆನ್ನು ಕೊಟ್ಟು, ಉರಿ ಎಲ್ಲಿಂದ ಎಲ್ಲಿಯವರೆಗೆ ಇದೆಯೋ ಅಲ್ಲೆಲ್ಲ ಗೆರೆ ಎಳೆಯಿರಿ ಎಂದರು. ಗೆರೆ ಮೊಣಕಾಲಿನಿಂದ ಕೆಳಗೆ ಇಳಿಯಲೇ ಇಲ್ಲ. ಮಲಗಿಸಿ ಕಾಲು ನೆಟ್ಟಗೆ ಎತ್ತಿ ನೋಡಿದರು, ಮೊಣಕಾಲು ತಟ್ಟಿ ನೋಡಿದರು. ಕಾಲಿನ ಬಲ ಸರಿಯಾಗಿಯೇ ಇತ್ತು. ಸಯಾಟಿಕಾ ಆದರೆ ನೋವು ಸಾಮಾನ್ಯವಾಗಿ ಕುಂಡೆಯಿಂದ ತೊಡೆಯ ಹಿಂದೆ ಹಾದು ಮೊಣಕಾಲು ದಾಟಿ ಕೆಳಗಿಳಿಯುತ್ತದೆ, ಸೊಂಟದ ಕೀಲು ಸವೆದಿದ್ದರೆ ತೊಡೆಸಂದಿಯಲ್ಲಿ ಮತ್ತು ತೊಡೆಯ ಮುಂದೆ ನೋಯುತ್ತದೆ, ಸ್ನಾಯು ಹರಿದಿದ್ದರೆ ಓಡುವಾಗಲೋ ಭಾರ ಎತ್ತುವಾಗಲೋ ಒಮ್ಮೆಲೇ ಚಳಕ್ ಎಂದು ಶುರುವಾಗುತ್ತದೆ ಎಂದು ಗೋಡೆಯ ಚಿತ್ರ ತೋರಿಸಿ ಬಿಡಿಸಿ ಹೇಳಿದರು.

ಆಮೇಲೆ ಕೇಳಿದ ಪ್ರಶ್ನೆ ನನಗೆ ತುಂಬ ಹಿಡಿಸಿತು. "ಸೊಂಟಕ್ಕೆ ಏನು ಕಟ್ಟುತ್ತೀರಿ?" ಅಪ್ಪಯ್ಯ ಬೆಳಗಾದರೆ ಕತ್ತಿ ಸಿಕ್ಕಿಸಿಕೊಳ್ಳುವ ಕತ್ತಿಕೊಕ್ಕೆಯನ್ನು ಸೊಂಟಕ್ಕೆ ಬಿಗಿದುಕೊಂಡು ಅಡಿಕೆ ತೋಟಕ್ಕೆ ಇಳಿಯುವವರು, ಈಚೆಗೆ ಹೊಟ್ಟೆಯೂ ಸ್ವಲ್ಪ ಬಂದಿದೆ. ತೊಡೆಯ ಹೊರಬದಿಯ ಚರ್ಮಕ್ಕೆ ಹೋಗುವ ನರ ಸೊಂಟದ ಮೂಳೆಯ ಮುಂದಿನ ತುದಿಯ ಹತ್ತಿರವೇ ಹಾದುಹೋಗುತ್ತದೆ. ಅಲ್ಲಿ ಹಗ್ಗವೋ ಬೆಲ್ಟೋ ಬಿಗಿಯಾಗಿ ಒತ್ತಿದರೆ ಈ ಉರಿ ಬರುತ್ತದೆ. ಮೆರಾಲ್ಜಿಯಾ ಪ್ಯಾರೆಸ್ಥೆಟಿಕಾ ಎನ್ನುತ್ತಾರೆ. ಈ ನರ ಸ್ಪರ್ಶ ತಿಳಿಸುತ್ತದೆ ಅಷ್ಟೇ, ಕಾಲು ಎತ್ತುವ ಕೆಲಸ ಅದರದ್ದಲ್ಲ, ಹಾಗಾಗಿ ಬಲ ಕಡಿಮೆ ಆಗಿರಲಿಲ್ಲ. ಸಕ್ಕರೆ ಕಾಯಿಲೆ ಇದ್ದವರಲ್ಲೂ ಇದು ಜಾಸ್ತಿ, ರಕ್ತ ಪರೀಕ್ಷೆ ಮಾಡಿಸಿ ಡಾಕ್ಟರಿಗೂ ತೋರಿಸಿ ಎಂದು ತಾವೇ ಚೀಟಿ ಬರೆದುಕೊಟ್ಟರು. ಡಾಕ್ಟರೂ ಅದನ್ನೇ ಹೇಳಿದರು.

ಚಿಕಿತ್ಸೆ ಎಂದು ದೊಡ್ಡ ಮಶಿನ್ ಏನೂ ಇಲ್ಲ. ಕತ್ತಿಕೊಕ್ಕೆ ಸದ್ಯಕ್ಕೆ ಬೇಡ, ಪಂಚೆ ಸಡಿಲ ಉಡಿ, ತೂಕ ಇಳಿಸಿ, ಜೊತೆಗೆ ಸೊಂಟದ ಮುಂಭಾಗ ಹಿಗ್ಗಿಸುವ ವ್ಯಾಯಾಮ. ಜೋಮು ಹಿಡಿದ ಜಾಗಕ್ಕೆ ಬಿಸಿನೀರಿನ ಚೀಲ ಇಡಬೇಡಿ ಎಂದು ಒತ್ತಿ ಹೇಳಿದರು, ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ ಅಲ್ವಾ. ದೀಪಾವಳಿ ಹೊತ್ತಿಗೆ ಉರಿ ಬಹುಪಾಲು ಇಳಿಯಿತು. ಜೋಮು ಇನ್ನೂ ಸ್ವಲ್ಪ ಇದೆ.

ಅಲ್ಲೇ ಕುಳಿತಿದ್ದ ಒಬ್ಬ ಅಮ್ಮನಿಗೆ ಒಂದೇ ಕಾಲು ಬಾತು ಬಿಸಿಯಾಗಿತ್ತು. ಮೇಡಂ ಅವರಿಗೆ ಕೈಯನ್ನೇ ಹಚ್ಚಲಿಲ್ಲ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಎಣ್ಣೆ ಹಚ್ಚಿ ತಿಕ್ಕಬೇಡಿ, ಈಗಲೇ ಆಸ್ಪತ್ರೆಗೆ ಹೋಗಿ ಎಂದು ಕಳಿಸಿದರು. ಬಂದ ಪೇಶಂಟನ್ನು ಹೀಗೆ ಬೇರೆಡೆ ಕಳಿಸುವವರ ಮೇಲೆ ನನಗೆ ನಂಬಿಕೆ ಜಾಸ್ತಿ. ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಜ್ವರ ಇದ್ದರೆ, ತೊಡೆಗಳ ನಡುವೆ ಮರಗಟ್ಟಿ ಮೂತ್ರದ ಹಿಡಿತ ತಪ್ಪಿದರೆ ಕೂಡ ಇಲ್ಲಿಗೆ ಬರುತ್ತ ಕೂರಬೇಡಿ, ನೇರ ಆಸ್ಪತ್ರೆಗೇ ಹೋಗಿ.

ಕೊರತೆ ಒಂದೇ. ಕ್ಲಿನಿಕ್ ಮಹಡಿಯ ಮೇಲಿದೆ, ಲಿಫ್ಟ್ ಇಲ್ಲ. ಕಾಲು ನೋವಿನವರು ಮೆಟ್ಟಿಲು ಹತ್ತುವುದು ನೋಡಿದರೆ ಸಂಕಟವಾಗುತ್ತದೆ, ಕೆಳಗೆ ಒಂದು ಕೋಣೆ ಮಾಡಲೇಬೇಕು. ಸಿದ್ದಾಪುರ, ಯಲ್ಲಾಪುರ ಕಡೆಯಿಂದ ಬಸ್ಸಿನಲ್ಲಿ ಬರುವವರು ಮೊದಲೇ ಫೋನ್ ಮಾಡಿ, ಮೇಡಂ ಒಬ್ಬರೇ ಇರುವುದು.